ಬಾತುಕೋಳಿ ಹುಡುಕಿದ ತೀರ್ಪು

ಕೆರೆಗೆ ಹೋಗುವ ದಾರಿಗೆ ಕಾಡುಹಂದಿ ಬೇಲಿ ಹಾಕಿತು. ಮರಿಗಳಿಗೆ ನೀರು ತಪ್ಪಿತೆಂದು ತಾಯಿ ಬಾತುಕೋಳಿ ಆನೆಯ ನ್ಯಾಯಾಲಯದಲ್ಲಿ ದೂರು ಕೊಟ್ಟಿತು.

"ನಾಳೆಯೊಳಗೆ ಆಧಾರ ತಂದು ತೋರಿಸು," ಎಂದಿತು ಆನೆ.

ಬಾತುಕೋಳಿ ಕಾನೂನು ಗ್ರಂಥಾಲಯಕ್ಕೆ ಓಡಿತು. ಪುಸ್ತಕಗಳ ಪಟ್ಟಿಯಿದ್ದ ಕಂಪ್ಯೂಟರಿನಲ್ಲಿ ಕೊಕ್ಕಿನಿಂದ 'ಬೇಲಿ' ಎಂದು ಒತ್ತಿತು. ಒಂಬತ್ತು ಸಾವಿರ ಹೆಸರುಗಳು ಬಂದವು.

ಹಂದಿಯ ಪರ ವಕೀಲ ಗಿಳಿ ಪಕ್ಕದಲ್ಲೇ ಇತ್ತು; ಅದು ನಕ್ಕಿತು. "ಇದನ್ನೆಲ್ಲ ಓದಿ ಮುಗಿಸುವಷ್ಟರಲ್ಲಿ ನಿನ್ನ ಮರಿಗಳಿಗೂ ಮರಿಗಳಾಗಿರುತ್ತವೆ."

ಆಗ ಕಂಪ್ಯೂಟರು ಕೇಳಿತು, "ತಾಯೀ, ನಿಮಗೆ ಬೇಕಾದ್ದು ಬೇಲಿಯೋ, ದಾರಿಯೋ?"

ಬಾತುಕೋಳಿ ಯೋಚಿಸಿ 'ಕೆರೆ ದಾರಿ' ಎಂದು ಒತ್ತಿತು. ನಲವತ್ತು ಬಂದವು. ಅವುಗಳಲ್ಲಿ ಒಂದು ತನ್ನಂಥದೇ ವ್ಯಾಜ್ಯದ್ದು, ಆದರೆ ತೀರ್ಪಾಗದ್ದು. ಅದರ ಹೆಸರಿನ ಕೆಳಗೆ 'ವಿಷಯ: ದಾರಿಯ ಹಕ್ಕು' ಎಂದಿತ್ತು. ಆ ಮಾತಿಗೆ ಕೆರೆಯನ್ನೂ ಸೇರಿಸಿ ಹುಡುಕಿದಾಗ ಮೂರೇ ಪುಸ್ತಕ ಉಳಿದವು. ಮೂರನೆಯದರಲ್ಲಿ ಹಳೆಯ ತೀರ್ಪೊಂದಿತ್ತು: ತಲೆತಲಾಂತರದಿಂದ ನಡೆದ ದಾರಿಯನ್ನು ಯಾರೂ ಮುಚ್ಚುವಂತಿಲ್ಲ.

ಮರುದಿನ ಆನೆ ಅದನ್ನೋದಿ ಬೇಲಿ ಕೀಳಿಸಿತು.

"ಇದನ್ನು ಹುಡುಕಿಕೊಟ್ಟ ವಕೀಲರು ಯಾರು?" ಎಂದು ಗಿಳಿ ಕೇಳಿತು.

"ನಾನೇ," ಎಂದು ಬಾತುಕೋಳಿ ಕತ್ತು ನಿಗುರಿಸಿತು. "ಸಂಕಟದ ಹೆಸರು ಹಿಡಿದು ಹುಡುಕಿದೆ, ಸಿಗಲಿಲ್ಲ. ಹಕ್ಕಿನ ಹೆಸರು ಹಿಡಿದು ಹುಡುಕಿದೆ, ಸಿಕ್ಕಿತು."

ಹಾಗೆಂದು ಮರಿಗಳ ಸಾಲನ್ನು ಕಟ್ಟಿಕೊಂಡು, ದಾರಿಯ ನಟ್ಟನಡುವೆಯೇ ಕೆರೆಗೆ ನಡೆಯಿತು.