ಒಂದು ಉಣ್ಣಿಯೂ ಉಳಿಯಬಾರದು

ಹೇಳಿದ ಮಾತು ಕೇಳುವ ಮಗ ಎಲ್ಲರಿಗೂ ಸಿಗುವುದಿಲ್ಲ. ಲಗಮವ್ವನಿಗೆ ಸಿಕ್ಕಿದ್ದ. ಹೆಸರು ಮಾಳಿಂಗ. ಹೇಳಿದ್ದಕ್ಕಿಂತ ಕೂದಲೆಳೆಯಷ್ಟು ಹೆಚ್ಚು ಮಾಡುತ್ತಿರಲಿಲ್ಲ, ಕೂದಲೆಳೆಯಷ್ಟು ಕಡಿಮೆಯನ್ನೂ ಮಾಡುತ್ತಿರಲಿಲ್ಲ. ಒಮ್ಮೆ ಒಲೆಯ ಮೇಲೆ ಹಾಲಿಟ್ಟು, ಅದರ ಮೇಲೊಂದು ಕಣ್ಣಿಡು ಎಂದು ಹೇಳಿ ತಾಯಿ ನೀರಿಗೆ ಹೋದಳು. ಹಾಲು ಬಿಸಿಯಾದದ್ದು, ಏರಿದ್ದು, ಉಕ್ಕಿದ್ದು, ಒಲೆ ಆರಿದ್ದು, ಎಲ್ಲವನ್ನೂ ಮಾಳಿಂಗ ಎವೆಯಿಕ್ಕದೆ ನೋಡಿದ. ಲಗಮವ್ವ ಹಣೆ ಹಣೆ ಚಚ್ಚಿಕೊಂಡಳು. ಚಚ್ಚಿಕೊಳ್ಳುತ್ತಲೇ ನೆರೆಯವರಿಗೆ ಹೇಳಿದಳು:

"ಏನರೆ ಆಗಲಿ, ನನ್ನ ಮಗ ಮಾತು ಮೀರೂದಿಲ್ಲ ನೋಡ್ರಿ."

ಲಗಮವ್ವನ ಅಣ್ಣ ಅಮೋಗೆಪ್ಪ ಕುರಿಗಾರ. ಮುಂಗಾರಿ ಬೆಳೆ ಕೊಯ್ದ ಮೇಲೆ ನಲವತ್ತು ಕುರಿ, ಒಂದು ಟಗರು, ಸಾಮಾನು ಹೊರಲು ಒಂದು ಕುದುರೆ ಕಟ್ಟಿಕೊಂಡು ಹೊಳೆದಂಡೆಯ ಹೊಲದಿಂದ ಹೊಲಕ್ಕೆ ಬಿಡಾರ ಹಾಕುತ್ತ ಹೋಗುವವನು. ಅವನಿಗೊಬ್ಬಳು ಮಗಳು, ಕಸ್ತೂರಿ. ಅವಳನ್ನು ಮಾಳಿಂಗನಿಗೆ ತಂದುಕೊಳ್ಳಬೇಕೆಂಬುದು ಲಗಮವ್ವನ ಬಹುದಿನದ ಆಸೆ. ಕಸ್ತೂರಿ ಬೇಡ ಅಂದಿರಲಿಲ್ಲ. ಚಿಕ್ಕಂದಿನಿಂದ ಮಾಳಿಂಗನ ಕೆಲಸಗಳನ್ನು ನೋಡಿ ನಗುತ್ತ ಬೆಳೆದವಳು. ಆ ನಗು ತಪ್ಪಿಹೋದರೆ ಹೊತ್ತು ಹೇಗೆ ಹೋದೀತೆಂಬ ಚಿಂತೆ ಅವಳಿಗೂ ಇತ್ತು. ಒಪ್ಪದವನು ಅಮೋಗೆಪ್ಪ ಒಬ್ಬನೇ. ತಂಗಿಯ ಕಾಟ ತಾಳಲಾರದೆ ಕೊನೆಗೆ ಹೇಳಿದ:

"ಒಂದು ತಿಂಗಳು ನನ್ನ ಬಿಡಾರದಾಗ ಇರಲಿ. ಒಂದು ಕೆಲಸ, ಒಂದೇ ಒಂದು ಕೆಲಸ ನೆಟ್ಟಗ ಮಾಡಿದಾ ಅಂದ್ರ ಹುಡುಗಿ ಅವನಾಕಿ."

ಲಗಮವ್ವ ರೊಟ್ಟಿ ಬಡಿಯುತ್ತೇನೆಂದು ತಾನೂ ಜೊತೆಗೆ ಹೊರಟಳು. ಕಸ್ತೂರಿ ತಾಯಿಯ ಜೊತೆ ಊರಲ್ಲೇ ಉಳಿದಳು.

ಹೊಳೆದಂಡೆಯ ಬಿಡಾರವೆಂದರೆ ಮೇಲೆ ಆಕಾಶ, ಕೆಳಗೆ ಕಂಬಳಿ, ನಡುವೆ ಸೊಳ್ಳೆ. ಮೊದಲ ದಿನವೇ ಲಗಮವ್ವ ಮಗನನ್ನು ಕರೆದು, ಹೊತ್ತು ಇಳಿಯುವಾಗ ಸೊಳ್ಳೆ ಕಂಡಲ್ಲಿ ಬೇವಿನ ಸೊಪ್ಪಿನ ಹೊಗೆ ಹಾಕಬೇಕು ಎಂದು ಹೇಳಿಕೊಟ್ಟಳು. ಮಾಳಿಂಗ ಬೋಗುಣಿಯಲ್ಲಿ ಕೆಂಡ ಹಾಕಿ, ಮೇಲೆ ಹಸಿ ಬೇವಿನ ಸೊಪ್ಪು ಒಟ್ಟಿಕೊಂಡು ಸೊಳ್ಳೆ ಹುಡುಕುತ್ತ ಹೊರಟ. ಮೊದಲ ಸೊಳ್ಳೆ ಕಂಡದ್ದು ಅಮೋಗೆಪ್ಪನ ಮೀಸೆಯ ಮೇಲೆ. ಅವನು ದಿನವಿಡೀ ನಡೆದು ದಣಿದು ಒರಗಿದ್ದ. ಮಾಳಿಂಗ ಬೋಗುಣಿಯನ್ನು ಮಾವನ ಗದ್ದದ ಕೆಳಗಿಟ್ಟು ಊದಿದ.

ಸೊಳ್ಳೆ ಹೋಯಿತು. ಮೀಸೆಯ ಎಡಗಡೆಯೂ ಹೋಯಿತು.

ಅಮೋಗೆಪ್ಪ ಕೆಮ್ಮಿ ಕೆಮ್ಮಿ, ಕಣ್ಣೊರೆಸಿಕೊಂಡು, ಉಸಿರು ಬಂದ ಮೇಲೆ ಬೈದ. ಹೊಗೆ ಹಾಕುವುದು ನೆಲದ ಮೇಲೆ, ಗಾಳಿ ಬರುವ ಕಡೆಗೆ, ಮನುಷ್ಯನ ಮುಖಕ್ಕಲ್ಲ ಎಂದ. ಮನುಷ್ಯನಿಗೆ ಮೈ ಮುಚ್ಚಿಕೊಳ್ಳುವುದೇ ಮದ್ದು ಎಂದ. "ನಾಳೆಯಿಂದ ಕಣ್ಣೊಂದು ಬಿಟ್ಟು ಮೈಯೆಲ್ಲಾ ಮುಚ್ಕೊಂಡು ಕುರಿ ಕಾಯಿ," ಎಂದ.

ಮಾಳಿಂಗ ಆಗಲಿ ಎಂದ. ಲಗಮವ್ವ ಮಗನಿಗೆ ಇನ್ನೊಂದು ರೊಟ್ಟಿ ಹಾಕಿದಳು. ಸೊಳ್ಳೆಯಂತೂ ಹೋಗಿತ್ತಲ್ಲ.

ಮರುದಿನ ಬಿಸಿಲೇರುತ್ತಲೇ ನೊರಜು ಎದ್ದವು. ಮಾಳಿಂಗ ತುಂಬುತೋಳಿನ ಅಂಗಿ ತೊಟ್ಟ, ಧೋತರವನ್ನು ಹಿಮ್ಮಡಿಯವರೆಗೆ ಇಳಿಬಿಟ್ಟ, ರುಮಾಲು ಬಿಚ್ಚಿ ಮುಖಕ್ಕೆ ಸುತ್ತಿದ. ಒಂದೇ ಒಂದು ನೊರಜೂ ಕಚ್ಚಲಿಲ್ಲ. ಕಣ್ಣೊಂದು ಬಿಡಬೇಕೆಂದು ಅಪ್ಪಣೆಯಾಗಿತ್ತು. ಯಾವುದೆಂದು ಸ್ವಲ್ಪ ಹೊತ್ತು ಯೋಚಿಸಿ ಬಲಗಣ್ಣು ಬಿಟ್ಟುಕೊಂಡ. ಎಡಗಡೆ ಗೌಡರ ಕಡಲೆ ಹೊಲವಿತ್ತು. ಎಡಗಡೆ ನೋಡುವುದು ಎಡಗಣ್ಣಿನ ಕೆಲಸ, ಅದು ರುಮಾಲಿನೊಳಗಿತ್ತು. ಕುರಿಗಳು ಇದನ್ನು ಬೇಗ ಅರ್ಥಮಾಡಿಕೊಂಡವು.

ಗೌಡರು ಬಂದು ಆಡಿದ ಮಾತುಗಳನ್ನು ಇಲ್ಲಿ ಬರೆಯುವಂತಿಲ್ಲ. ಅಮೋಗೆಪ್ಪ ಅವರ ಕೈ ಹಿಡಿದು, ಕಾಲು ಹಿಡಿದು, ಮೂರು ರಾತ್ರಿ ಕುರಿಗಳನ್ನು ಅವರ ಖಾಲಿ ಹೊಲದಲ್ಲಿ ತರುಬಿ ಪುಕ್ಕಟೆ ಗೊಬ್ಬರ ಕೊಡುತ್ತೇನೆಂದು ಸಮಾಧಾನ ಮಾಡಿ ಬಂದು ಮಾಳಿಂಗನ ಕಡೆ ತಿರುಗಿದ. ಕಣ್ಣು ಯಾಕೆ ಕಟ್ಟಿಕೊಂಡಿದ್ದೆ ಎಂದು ಕೇಳಿದ.

"ಕಣ್ಣೊಂದು ಬಿಟ್ಟು ಅಂದಿದ್ರಿ ಮಾವಾ. ಎರಡು ಅಂದಿರಲಿಲ್ಲ."

ಅಮೋಗೆಪ್ಪ ನೆನಪು ಮಾಡಿಕೊಂಡ. ಅಂದಿರಲಿಲ್ಲ, ನಿಜ. ಅದಕ್ಕೇ ಇನ್ನಷ್ಟು ಸಿಟ್ಟು ಬಂತು. ಎರಡೂ ಕಣ್ಣು ಬಿಡಬೇಕು ಎಂದು ಬೆರಳು ಮಡಚಿ ಎಣಿಸಿ ಹೇಳಿದ. ಹುಳ ಒಂದೆರಡು ಕಚ್ಚಿದರೆ ಕಚ್ಚಲಿ, ಪ್ರಾಣವೇನೂ ಹೋಗುವುದಿಲ್ಲ, ಕೆರೆಯಬಾರದು, ಕೆರೆದರೆ ಹುಣ್ಣಾಗುತ್ತದೆ ಎಂದ. "ಕಚ್ಚಿದ್ದನ್ನ ಸಾಬಾಣ ಹಚ್ಚಿ ತೊಳಿ, ತಣ್ಣೀರಿನ ಅರಿವಿ ಸುತ್ತು. ಅಷ್ಟ ಮದ್ದು."

ನಾಲ್ಕು ದಿನ ಏನೂ ಆಗಲಿಲ್ಲ. ಲಗಮವ್ವ ಬೆರಳು ಮಡಚಿ ತಿಂಗಳ ಲೆಕ್ಕ ಹಾಕತೊಡಗಿದಳು. ಐದನೆಯ ದಿನ ಮಧ್ಯಾಹ್ನ ಅಮೋಗೆಪ್ಪ ಮಾವಿನ ಮರದ ಕೆಳಗೆ ಅಡ್ಡಾದ. ಮರದಲ್ಲಿ ಕೆಂಜಿಗದ ಗೂಡಿತ್ತು. ಅವನು ಎದ್ದು ಕುಣಿದಾಡಿದಾಗ ಕುತ್ತಿಗೆ, ತೋಳು, ಬೆನ್ನು ಎಲ್ಲ ಕೆಂಪು ದದ್ದು. ಬೇಗ ಬಾ ಎಂದು ಮಾಳಿಂಗನನ್ನು ಕೂಗಿದ. ಮಾಳಿಂಗ ಬಂದ. ನೀರು ತಂದ, ಸಾಬೂನು ತಂದ, ತಣ್ಣನೆಯ ಬಟ್ಟೆ ತಂದ. ಅಮೋಗೆಪ್ಪ ಅಂಗಿ ಕಳಚಿ ಬೆನ್ನು ತಿರುಗಿಸಿ ಕುಳಿತ. ಕುಳಿತೇ ಇದ್ದ. ಬೆನ್ನು ಉರಿಯುತ್ತಿತ್ತು, ನೀರು ಬೀಳಲಿಲ್ಲ. ತಿರುಗಿ ನೋಡಿದರೆ ಮಾಳಿಂಗ ನೆಲದ ಮೇಲೆ ಕುಳಿತು ಕೆಂಜಿಗಗಳನ್ನು ಒಂದೊಂದಾಗಿ ಹಿಡಿದು, ಸಾಬೂನು ಹಚ್ಚಿ ತೊಳೆದು, ಒದ್ದೆ ಬಟ್ಟೆಯಲ್ಲಿ ಸಾಲಾಗಿ ಮಲಗಿಸುತ್ತಿದ್ದ.

"ಕಚ್ಚಿದ್ದು ಇವೇ ಮಾವಾ. ಹನ್ನೊಂದು ತೊಳೆದೀನಿ. ಉಳಿದುವು ಜಳಕಕ್ಕ ಒಪ್ಪವಲ್ಲವು."

ಅಂದು ಬೈಗುಳ ಸಂಜೆಯವರೆಗೆ ನಡೆಯಿತು. ಕಚ್ಚುವ ಹುಳದ ಸೇವೆ ಮಾಡಬಾರದು, ಕಂಡ ಕೂಡಲೇ ತೆಗೆದು ಒಗೆಯಬೇಕು ಎಂಬುದು ಅದರ ಸಾರಾಂಶ. ಲಗಮವ್ವ ಅಣ್ಣನ ಬೆನ್ನಿಗೆ ತಣ್ಣನೆಯ ಬಟ್ಟೆ ಹಾಕುತ್ತ ಮೆಲ್ಲಗೆ ಅಂದಳು, ಹನ್ನೊಂದು ಕೆಂಜಿಗ ಹಿಡಿದು ಜಳಕ ಮಾಡಿಸುವುದು ಎಲ್ಲರ ಕೈಲಿ ಆಗುವ ಕೆಲಸವಲ್ಲ ಎಂದು.

ತಿಂಗಳು ಮುಗಿಯಲು ಮೂರು ದಿನ ಉಳಿದಾಗ ಅಮೋಗೆಪ್ಪ ಊರ ಹಿರಿಯ ಜಕ್ಕಪ್ಪ ಮುತ್ಯಾನನ್ನೂ ಮಗಳನ್ನೂ ಕರೆತರಲು ಹೊರಟ. ಹುಡುಗಿಯನ್ನು ಕೊಡುವುದೋ ಬಿಡುವುದೋ ಹಿರಿಯರೆದುರೇ ಆಗಿಹೋಗಲಿ ಎಂಬುದು ಅವನ ಎಣಿಕೆ. ಕೇಳುವ ಕಡೆಯವಳೆಂದು ಲಗಮವ್ವನೂ ಹೊರಟಳು. ಹಗಲು ಸೆಕೆ ಎಂದು ಕಂಬಳಿಗಳನ್ನು ಬಿಡಾರದಲ್ಲೇ ಬಿಟ್ಟರು. ಹೊರಡುವ ಮೊದಲು ಅಮೋಗೆಪ್ಪ ಟಗರಿನ ಕಿವಿ ಮಡಚಿ ನೋಡಿದ. ಉಣ್ಣಿ ಹತ್ತಿತ್ತು. ಕುರಿಗಳಿಗೂ ಹತ್ತಿತ್ತು.

ಇಲ್ಲೊಂದು ಮಾತು ಹೇಳಬೇಕು. ಪುಸ್ತಕದಲ್ಲಿ ಕುರಿಯ ಕೂದಲಿಗೆ ಉಣ್ಣೆ ಎಂದು ಬರೆಯುತ್ತಾರೆ. ಆ ಸೀಮೆಯವರ ಬಾಯಲ್ಲಿ ಅದು ಉಣ್ಣಿ. ಕುರಿಯ ಮೈಗೆ ಕಚ್ಚಿಕೊಂಡು ರಕ್ತ ಹೀರುವ ಹುಳವೂ ಉಣ್ಣಿ. ಯಾವುದು ಯಾವುದೆಂದು ಅಲ್ಲಿ ಯಾರೂ ಬಿಡಿಸಿ ಹೇಳುವುದಿಲ್ಲ, ಹೇಳದೆಯೇ ತಿಳಿಯುತ್ತದೆ. ಹೇಳದೆ ತಿಳಿದುಕೊಳ್ಳುವ ಅಭ್ಯಾಸ ಮಾಳಿಂಗನಿಗೆ ಇರಲಿಲ್ಲ.

"ಲೇ ಮಾಳ್ಯಾ," ಅಂದ ಅಮೋಗೆಪ್ಪ, "ನಾಡಿದ್ದು ನಾ ಬರೂದರೊಳಗ ಉಣ್ಣಿ ಎಲ್ಲಾ ತಗಿ. ಈ ಬಿಡಾರದಾಗ ಒಂದು ಉಣ್ಣಿ ಉಳಿದಿತ್ತಂದ್ರ ಕಸ್ತೂರಿ ನಿನಗಿಲ್ಲ."

ಮೂರನೆಯ ದಿನ ಹೊತ್ತೇರಿದಾಗ ಎಲ್ಲರೂ ಬಂದರು. ದೂರದಿಂದ ಅಮೋಗೆಪ್ಪನಿಗೆ ತನ್ನ ಕುರಿಗಳು ಕಾಣಲಿಲ್ಲ. ಯಾರದೋ ಆಡಿನ ಹಿಂಡು ಕಂಡಿತು. ಹತ್ತಿರ ಬಂದರೆ ನಲವತ್ತು ಕುರಿ, ಒಂದು ಟಗರು, ಎಲ್ಲವೂ ಬೋಳು. ಕತ್ತರಿಸುವ ಕಾಲವಲ್ಲದ ಕಾಲದಲ್ಲಿ ಮೈಯೆಲ್ಲ ನುಣ್ಣಗಾಗಿ, ಒಂದರ ಮುಖ ಒಂದು ನೋಡಲು ನಾಚಿ ನಿಂತಿದ್ದವು. ಪಕ್ಕದಲ್ಲಿ ಆಳೆತ್ತರದ ರಾಶಿ. ರಾಶಿಯ ಪಕ್ಕ ಕತ್ತರಿ ಹಿಡಿದು, ಎರಡೂ ಕಣ್ಣು ಬಿಟ್ಟುಕೊಂಡು ಮಾಳಿಂಗ.

"ಉಣ್ಣಿ, ಮಾವಾ. ಎರಡು ದಿನ ಕುಂತಿಲ್ಲ."

ಅಮೋಗೆಪ್ಪ ಟಗರಿನ ಹತ್ತಿರ ಹೋದ. ಬೋಳು ಮೈಯ ಮೇಲೆ ಕಚ್ಚುವ ಉಣ್ಣಿಗಳು ಒಂದೂ ಕದಲದೆ ಕುಳಿತಿದ್ದವು. ಅವನು ಬೈಯಲಿಲ್ಲ. ಬೈಗುಳ ತೀರಿಹೋಗಿತ್ತು. ಮಗಳ ಕೈ ಹಿಡಿದು, ನಡಿ ಊರಿಗೆ ಎಂದ. 

ಕಸ್ತೂರಿ ಕೈ ಬಿಡಿಸಿಕೊಂಡಳು. ಸೊಂಟದಿಂದ ಮುಳ್ಳು ಕೀಳುವ ಚಿಮಟಿಗೆ ತೆಗೆದು ಟಗರಿನ ಪಕ್ಕ ಕುಳಿತಳು. ಉಣ್ಣಿಯ ಹೊಟ್ಟೆ ಅಮುಕದೆ, ಚರ್ಮಕ್ಕೆ ಹತ್ತಿದ ತಲೆಯನ್ನೇ ಹಿಡಿದು, ತಿರುಚದೆ ನೆಟ್ಟಗೆ ಎಳೆದಳು. ಎಳೆದದ್ದನ್ನು ಸಾಬೂನಿನ ನೀರಿಗೆ ಹಾಕಿದಳು. ಮರೆಯಾಗಲು ಕೂದಲಿಲ್ಲದ ಉಣ್ಣಿಗಳು ಅಕ್ಕಿಯಲ್ಲಿ ಕಲ್ಲು ಸಿಕ್ಕಂತೆ ಸಿಕ್ಕವು. ಮುತ್ಯಾ ಒಂದು ಎಲೆ ಅಡಿಕೆ ಮೆಲ್ಲುವಷ್ಟರಲ್ಲಿ ಟಗರು ಚೊಕ್ಕಟವಾಯಿತು.

"ಉಣ್ಣಿ ತಗೀಬೇಕಂದ್ರ ಮೊದಲ ಉಣ್ಣಿ ತಗೀಬೇಕಲ್ಲ ಮುತ್ಯಾ," ಅಂದಳು ಕಸ್ತೂರಿ, ತಲೆ ಎತ್ತದೆ.

ಜಕ್ಕಪ್ಪ ಮುತ್ಯಾ ಈ ಮಾತನ್ನು ಆ ಕಡೆಯಿಂದ ನೋಡಿದ, ಈ ಕಡೆಯಿಂದ ನೋಡಿದ. ತಪ್ಪು ಸಿಗಲಿಲ್ಲ. ಎಪ್ಪತ್ತು ವರ್ಷ ಕುರಿ ಕಾದರೂ ತನಗಿದು ಹೊಳೆದಿರಲಿಲ್ಲ ಎಂದ. ಹುಡುಗ ಒಂದು ಕೆಲಸ ನೆಟ್ಟಗೆ ಮಾಡಿದ್ದಾನೆ, ಕಂಬಳಿ ಹಾಸಿ, ದೇವರ ಅರಿಶಿನದ ಭಂಡಾರ ಮುಟ್ಟಿ ಮಾತು ಮುಗಿಸೋಣ ಎಂದ. ಕಂಬಳಿ ಹಾಸದೆ ಆ ಜನರಲ್ಲಿ ಯಾವ ನಿಶ್ಚಯವೂ ಇಲ್ಲ.

ಕಂಬಳಿ ಹುಡುಕಿದರು. ಅಮೋಗೆಪ್ಪನದು ಇರಲಿಲ್ಲ, ಲಗಮವ್ವನದೂ ಇರಲಿಲ್ಲ, ಮಾಳಿಂಗನದೂ ಇರಲಿಲ್ಲ. ರಾಶಿಯೊಳಗೆ ಕರಿಯ ಚೂರುಗಳು ಕಂಡವು. ಅವನು ತಾಯಿಯದನ್ನೇ ಮೊದಲು ಕತ್ತರಿಸಿದ್ದ, ಭೇದಭಾವ ಅವನಲ್ಲಿರಲಿಲ್ಲ. ಅಮೋಗೆಪ್ಪ ಬಾಯಿ ತೆರೆಯುವಷ್ಟರಲ್ಲಿ ಮುತ್ಯಾ ಇರಲಿ ಬಿಡು ಎಂದು ತನ್ನ ಹೆಗಲ ಮೇಲಿನ ಕಂಬಳಿಯನ್ನೇ ಹಾಸಿ ನಡುವೆ ಕುಳಿತ. ಅಮೋಗೆಪ್ಪ, ಲಗಮವ್ವ ಎದುರಿಗೆ ನೆಲದ ಮೇಲೆ ಕುಳಿತು ಕೈಚಾಚಿ ಭಂಡಾರ ಮುಟ್ಟಿದರು. ಮಾತಾಯಿತು. ಕಸ್ತೂರಿ ಮಾಳಿಂಗನವಳಾದಳು.

ಲಗಮವ್ವ ಸೆರಗು ಸರಿಮಾಡಿಕೊಂಡು ಎಲ್ಲರ ಮುಖ ನೋಡಿದಳು. "ನಾ ಮೊದಲ ಹೇಳಿರಲಿಲ್ಲೇನ್ರಿ? ನನ್ನ ಮಗ ಮಾತು ಮೀರೂದಿಲ್ಲ."

ಷರತ್ತು ಮುಗಿಯಿತೆಂದು ಮಗನಿಗೆ ಮಾತ್ರ ಯಾರೂ ಹೇಳಿರಲಿಲ್ಲ. ಮುತ್ಯಾನ ಬೆನ್ನ ಹಿಂದೆ ಆಗಿನಿಂದಲೂ ಕಿರ್ ಕಿರ್ ಎಂದು ಸಣ್ಣ ಸದ್ದಾಗುತ್ತಿತ್ತು. ಮುತ್ಯಾ ಸುತ್ತ ನೋಡಿಕೊಂಡ. ಹಾಸಿದ ಕಂಬಳಿ ನಾಲ್ಕೂ ಕಡೆಯಿಂದ ಮಾಯವಾಗಿ, ತಾನು ಕುಳಿತಷ್ಟು ಜಾಗ ಮಾತ್ರ ಉಳಿದಿತ್ತು. ಕತ್ತರಿ ಹಿಡಿದ ಮಾಳಿಂಗ ಬಗ್ಗಿ, ಹಿರಿಯರಿಗೆ ತೋರಬೇಕಾದ ವಿನಯದಿಂದ ಹೇಳಿದ:

"ಮುತ್ಯಾ, ಒಂಚೂರು ಅತ್ತಾಗ ಸರೀರಿ. ಕಡೀ ಉಣ್ಣಿ ನಿಮ್ಮ ಕೆಳಗೈತಿ."