ಗಂಟಲು ಕಟ್ಟಿದ ಶಾಸಕರು

ಪ್ರಚಾರದ ಕೊನೆಯ ದಿನವೇ ಶಾಸಕ ಮರಿಚನ್ನಪ್ಪನವರ ಗಂಟಲು ಕಟ್ಟಿಹೋಯಿತು. ಹೊಳೆದಂಡೆಯಲ್ಲಿ ಊರೆಲ್ಲ ಕಾಯುತ್ತಿತ್ತು. ಹಿಂದಿನಿಂದ ಕೂಗಾಟವೂ ಶುರುವಾಯಿತು. ಶಾಸಕರು ಮೈಕ್‌ಸೆಟ್ಟಿನವನ ಕೊರಳಪಟ್ಟಿ ಹಿಡಿದು ಪಿಸುಗುಟ್ಟಿದರು: "ಏನಾದ್ರೂ ಮಾಡೋ. ಇಲ್ಲಾಂದ್ರೆ ಈ ತಾಲೂಕಲ್ಲಿ ಇನ್ನು ನಿನ್ನ ಮೈಕ್ ಕಟ್ಟೋಕೆ ಬಿಡಲ್ಲ."

"ಮೈಕ್ ಮುಂದೆ ನಿಂತು ಸುಮ್ನೆ ಬಾಯಿ ಆಡಿಸಿ ಸಾರ್, ಸಾಕು."

ಶಾಸಕರು ಮೈಕ್ ಹಿಡಿದು ಬಾಯಿ ಆಡಿಸಿದರು. ಲೌಡ್‌ಸ್ಪೀಕರಿನಲ್ಲಿ ಅವರದೇ ದನಿ ಗುಡುಗಿತು: "ನನ್ನನ್ನ ಗೆಲ್ಲಿಸಿ, ಈ ಹೊಳೆಗೆ ಸೇತುವೆ ಕಟ್ಟಿಸ್ತೀನಿ!" ಜನ ಚಪ್ಪಾಳೆ ಹೊಡೆದರು.

ವೇದಿಕೆ ಇಳಿದವರೇ ಪಿಸುದನಿಯಲ್ಲಿ ಕೇಳಿದರು: "ಯಾವ ಭಾಷಣವೋ ಅದು?"

"ಹೋದ ಚುನಾವಣೇಲಿ ಇಲ್ಲೇ ನೀವು ಮಾಡಿದ್ದು ಸಾರ್. ರೆಕಾರ್ಡ್ ಇಟ್ಟಿದ್ದೆ."

ಶಾಸಕರು ಜನರತ್ತ ತಿರುಗಿ ನೋಡಿದರು. "ಅಯ್ಯೋ, ಜನಕ್ಕೆ ಗೊತ್ತಾಗಿದ್ರೆ?"

"ಹೆಂಗೆ ಗೊತ್ತಾಗುತ್ತೆ ಸಾರ್? ನೀವು ಸೇತುವೆ ಕಟ್ಟಿಸಿದ್ದಿದ್ರೆ ತಾನೇ ನಾವು ಸಿಕ್ಕಿಬೀಳೋದು!"