ಕಲ್ಲುಮನೆಯ ಕೂಸು

"ಅಜ್ಜಾ, ದುಃಖದ ಮನೆಗೆ ಹೋಗಿ ನಾನು ಏನು ಮಾಡಲಿ?"

ಹೀಗೆ ಕೇಳಿದವನು ರೇವಯ್ಯ. ಮಠಕ್ಕೆ ಬಂದು ಸೇರುವ ಮೊದಲು ಅವನಿಗೊಬ್ಬ ಗೆಳೆಯನಿದ್ದ. ಇಬ್ಬರೂ ಒಂದೇ ಓಣಿಯಲ್ಲಿ ಆಡಿ ಬೆಳೆದವರು. ಆ ಗೆಳೆಯನ ಹೆಂಡತಿ ತೀರಿಕೊಂಡು ವಾರವಾಗಿತ್ತು. ಸುದ್ದಿ ಮುಟ್ಟಿದಾಗಿನಿಂದ ರೇವಯ್ಯನದು ಒಂದೇ ಪಾಡು. ಹೋಗುತ್ತೇನೆ ಎನ್ನುವುದು, ಹೆಗಲ ಮೇಲೆ ವಸ್ತ್ರ ಹಾಕಿಕೊಳ್ಳುವುದು, ಮಠದ ಬಾಗಿಲ ತನಕ ಹೋಗಿ ನಿಂತುಬಿಡುವುದು.

"ಹೇಳಲು ನನ್ನಲ್ಲಿ ಮಾತಿಲ್ಲ. ಹೋದವಳನ್ನು ತಂದುಕೊಡಲಾರೆ. ಎದುರಿಗೆ ಕೂತು ಎದ್ದು ಬಂದರೆ ಅವನಿಗೆ ಏನು ಸಿಕ್ಕಂತಾಯಿತು?"

ಮಠದ ಅಜ್ಜನವರು ಅವನನ್ನು ಹತ್ತಿರ ಕರೆದು ಕೂರಿಸಿಕೊಂಡರು. ಕತೆ ಹೇಳತೊಡಗಿದರು.

ಒಬ್ಬ ಕಲ್ಲುಕುಟಿಗನಿದ್ದ. ಬೇರೆಯವರಿಗೆ ಮನೆ ಕಟ್ಟಿಕೊಟ್ಟೇ ಅವನ ಅರ್ಧ ಆಯುಷ್ಯ ಕಳೆದಿತ್ತು. ಮದುವೆಯಾದ ಮೇಲೆ ತನಗೂ ಒಂದು ಮನೆ ಬೇಕೆನಿಸಿತು. ಗಣಿಯಿಂದ ತಾನೇ ಕಲ್ಲು ಆರಿಸಿ ತಂದ, ತಾನೇ ಕಡಿದ, ತಾನೇ ಕೂರಿಸಿದ. ಗೋಡೆ ಮೊಳಕ್ಕಿಂತ ದಪ್ಪ. ಸಂದಿನಲ್ಲಿ ಸೂಜಿ ತೂರದು. ಬೇಸಿಗೆಯಲ್ಲಿ ಊರಿಗೆ ಊರೇ ಬೇಯುವಾಗ ಆ ಮನೆಯೊಳಗೆ ಕಾಲಿಟ್ಟರೆ ಮೈ ತಣ್ಣಗಾಗುತ್ತಿತ್ತು. ಓಣಿಯ ಹೆಂಗಸರು ಮಧ್ಯಾಹ್ನ ಅಲ್ಲಿಗೇ ಬಂದು ಕಾಳು ಹಸನು ಮಾಡುತ್ತಿದ್ದರು. ಅದನ್ನು ಹೇಳಿಕೊಂಡು ಹೆಂಡತಿ ಹಿಗ್ಗುತ್ತಿದ್ದಳು. ಅವನು ಕೇಳಿಯೂ ಕೇಳದವನಂತೆ ಇದ್ದು ಒಳಗೊಳಗೇ ಹಿಗ್ಗುತ್ತಿದ್ದ.

ಬಹಳ ವರ್ಷ ಅವರಿಗೆ ಮಕ್ಕಳಾಗಲಿಲ್ಲ. ಕಡೆಗೆ ಬಸಿರು ನಿಂತಿತು. ಆದರೆ ಕೂಸು ದಿನ ತುಂಬುವ ಮೊದಲೇ ಹುಟ್ಟಿತು, ಅದೂ ಪುಷ್ಯಮಾಸದ ಚಳಿಯಲ್ಲಿ. ಹೆಣ್ಣು ಕೂಸು. ಎತ್ತಿಕೊಂಡರೆ ಕೈಯಲ್ಲಿ ಏನೋ ಇದೆ ಎನ್ನುವಷ್ಟೂ ಭಾರವಿರಲಿಲ್ಲ. ಅಳುವುದಕ್ಕೂ ಅದಕ್ಕೆ ಶಕ್ತಿಯಿರಲಿಲ್ಲ.

ಸೂಲಗಿತ್ತಿ ಕೂಸನ್ನು ಅರಳೆಯಲ್ಲಿ ಸುತ್ತಿ ತಾಯಿಯ ಎದೆಯ ಮೇಲೆ ಮಲಗಿಸಿದಳು. ತಾಯಿಯೋ ರಕ್ತ ಹೋಗಿ ಸೋತಿದ್ದಳು, ತಾನೇ ನಡುಗುತ್ತಿದ್ದಳು. ಬಾಗಿಲು ಮುಚ್ಚಿದರು, ಬೆಳಕಿಂಡಿಗೆ ಬಟ್ಟೆ ತುರುಕಿದರು. ಕೋಣೆಯಲ್ಲಿ ಕೆಂಡ ಇಟ್ಟು ನೋಡಿದರು. ಹೊಗೆಗೆ ಕೂಸಿನ ಉಸಿರು ಕಟ್ಟಿ ತುಟಿ ನೀಲಿಯಾಯಿತು. ಕೆಂಡವನ್ನು ಹೊರಗೆ ಒಯ್ದರು. ಗಾಳಿ ಎಲ್ಲಿಂದಲೂ ನುಸುಳುತ್ತಿರಲಿಲ್ಲ. ಆದರೂ ಕೂಸಿನ ಪಾದ ಮುಟ್ಟಿದಾಗಲೆಲ್ಲ ತಣ್ಣಗೆ.

"ಗಾಳಿ ಇಲ್ಲ, ಮೈ ಸುತ್ತ ಅರಳೆ ಇದೆ, ತಾಯಿಯ ಎದೆ ಇದೆ. ಇದರ ಕಾವು ಹೋಗುತ್ತಿರುವುದಾದರೂ ಎಲ್ಲಿಗೆ?" ಎಂದಳು ಸೂಲಗಿತ್ತಿ. ಅವಳು ಯಾರನ್ನೂ ಉದ್ದೇಶಿಸಿ ಕೇಳಿರಲಿಲ್ಲ. ಆದರೆ ಮಾತು ಕಲ್ಲುಕುಟಿಗನಿಗೆ ನಾಟಿತು.

ಅವನು ಕೋಣೆಯ ನಡುವೆ ಬಂದು ನಿಂತ. ಒಂದು ಕೆನ್ನೆ ತಣ್ಣಗೆ ಅನ್ನಿಸಿತು. ಅದು ಬಡಗಣ ಗೋಡೆಯ ಕಡೆಯ ಕೆನ್ನೆ. ಮುಖ ತಿರುಗಿಸಿ ನಿಂತ. ಈಗ ಆ ಗೋಡೆಯ ಕಡೆ ಬಂದ ಇನ್ನೊಂದು ಕೆನ್ನೆ ತಣ್ಣಗಾಯಿತು. ಗೋಡೆಗೂ ಅವನಿಗೂ ನಡುವೆ ಒಂದು ಮಾರು ಜಾಗವಿತ್ತು.

ಆಗ ಅವನಿಗೆ ಗಣಿ ನೆನಪಾಯಿತು. ಬೇಸಿಗೆಯಲ್ಲಿ ಹೊತ್ತು ಮುಳುಗಿದ ಮೇಲೂ ಬಂಡೆಯ ಪಕ್ಕದಲ್ಲಿ ಹಾದು ಹೋದರೆ ಮುಖಕ್ಕೆ ಝಳ ಹೊಡೆಯುತ್ತಿತ್ತು. ಬಂಡೆಯನ್ನು ಮುಟ್ಟಬೇಕಾಗಿರಲಿಲ್ಲ. ಸಂಜೆಯ ಗಾಳಿ ತಂಪಾಗಿದ್ದರೂ ಝಳ ಅದನ್ನು ದಾಟಿಕೊಂಡು ಬರುತ್ತಿತ್ತು. ಬಂಡೆ ಕೆಂಡದಂತೆ ಕೆಂಪಗೂ ಇರುತ್ತಿರಲಿಲ್ಲ. ಕಪ್ಪಗೆ ಕೂತಲ್ಲೇ, ಕಣ್ಣಿಗೆ ಕಾಣದ ಹಾಗೆ, ತನ್ನ ಕಾವನ್ನು ಎದುರಿಗೆ ಬಂದವರ ಮೇಲೆ ಚೆಲ್ಲುತ್ತಿತ್ತು. ಬಂಡೆ ಚೆಲ್ಲುವುದಾದರೆ ಮೈ ಚೆಲ್ಲದೇ ಇದ್ದೀತೇ? ಕೂಸೂ ಚೆಲ್ಲುತ್ತಿದೆ. ಗೋಡೆಯೂ ತನ್ನಲ್ಲಿ ಇದ್ದಷ್ಟನ್ನು ತಿರುಗಿ ಚೆಲ್ಲುತ್ತದೆ. ಆದರೆ ಚಳಿ ಕುಡಿದ ಕಲ್ಲಿನಲ್ಲಿ ಇರುವುದಾದರೂ ಎಷ್ಟು? ಕೂಸು ಕೊಟ್ಟದ್ದು ಹೆಚ್ಚು, ಅದಕ್ಕೆ ಬಂದದ್ದು ಕಡಿಮೆ. ಅಷ್ಟು ಚಿಕ್ಕ ಮೈ ಎಷ್ಟು ಹೊತ್ತು ಕೊಟ್ಟೀತು?

ಅವನು ಗೋಡೆಗೆ ಹಣೆ ಹಚ್ಚಿದ. "ಇದನ್ನು ನಾನೇ ಕಟ್ಟಿದೆನಲ್ಲವ್ವ," ಎಂದ.

ಸೂಲಗಿತ್ತಿಗೆ ಅರ್ಥವಾಗಲಿಲ್ಲ. ಅವನು ತಿಳಿಸಿ ಹೇಳಿದ. ಅವಳು ಕೇಳಿಸಿಕೊಂಡು, "ಹಾಗಿದ್ದರೆ ಅಳುತ್ತ ನಿಲ್ಲಬೇಡ. ಗೋಡೆಗೂ ಕೂಸಿಗೂ ನಡುವೆ ಏನಾದರೂ ತಂದು ಕಟ್ಟು," ಎಂದಳು.

ಮನೆಯಲ್ಲಿ ಎರಡು ಕೌದಿಗಳಿದ್ದವು. ಒಂದು ತಾಯಿಯ ಮೇಲಿತ್ತು. ಇನ್ನೊಂದನ್ನು ಹಾಸಿಗೆಗೆ ಅಂಟಿಕೊಂಡಿದ್ದ ಪಡುವಣ ಗೋಡೆಗೆ ಕಟ್ಟಿದರು. ಉಳಿದ ಗೋಡೆಗಳು ಬರಿದಾಗಿಯೇ ಇದ್ದವು. ಅವನು ಓಣಿಯಲ್ಲಿ ಕೇಳಲು ಹೊರಟ. ಆ ಚಳಿಯಲ್ಲಿ ಪ್ರತಿ ಮನೆಯ ಕೌದಿಯ ಕೆಳಗೂ ಮಕ್ಕಳು ಒತ್ತಿಕೊಂಡು ಕೂತಿದ್ದವು. ಯಾವ ಮಗುವಿನ ಮೈಮೇಲಿನದನ್ನು ಎಳೆದು ತರುವುದು? ಕಷ್ಟ ಹೇಳಿಕೊಂಡನೇ ಹೊರತು ಕೌದಿ ಕೊಡಿ ಎನ್ನಲು ಅವನಿಗೆ ಬಾಯಿ ಬರಲಿಲ್ಲ. ಹಾಗೇ ಹಿಂತಿರುಗಿದ.

ಆದರೆ ಕೇಳಿಸಿಕೊಂಡ ಹೆಂಗಸರು ಅವನ ಬೆನ್ನಿಗೇ ಬಂದರು. "ಕೌದಿ ಇಲ್ಲದಿದ್ದರೆ ನಾವಿದ್ದೇವಲ್ಲ ತಮ್ಮಾ. ನಮ್ಮ ಮೈಯೂ ಬೆಚ್ಚಗೇ ಇದೆ," ಎಂದಳು ಒಬ್ಬ ಮುದುಕಿ. ಅದು ಪುರುಡಿನ ಮನೆ, ಮೈಲಿಗೆ, ಒಳಗೆ ಹೋಗಬಾರದು ಎಂದು ಆ ಹೊತ್ತು ಯಾರೂ ಅನ್ನಲಿಲ್ಲ. ಒಬ್ಬೊಬ್ಬರಾಗಿ ಬಂದು ಕಲ್ಲಿಗೆ ಬೆನ್ನು ಕೊಟ್ಟು, ಕೂಸಿಗೆ ಮುಖ ಮಾಡಿ ಕೂತರು. ಮೂಡಣ ಗೋಡೆ ತುಂಬಿತು, ತೆಂಕಣದ್ದು ತುಂಬಿತು. ಬಡಗಣ ಗೋಡೆಯ ಮುಂದೆ ಒಬ್ಬರು ಕೂರುವಷ್ಟು ಜಾಗ ಉಳಿಯಿತು. ಅದು ಕೂಸಿನ ತಲೆಯ ನೇರಕ್ಕೇ ಇತ್ತು.

ಹೊಸ್ತಿಲಾಚೆ ಅದೇ ಓಣಿಯ ಸಾತವ್ವ ನಿಂತಿದ್ದಳು. ಹಿಂದಿನ ಸುಗ್ಗಿಯಲ್ಲಿ ಅವಳ ಕೂಸು ತೀರಿಕೊಂಡಿತ್ತು. ಅಂದಿನಿಂದ ಅವಳು ಯಾವ ಬಾಣಂತಿಯ ಕೋಣೆಗೂ ಕಾಲಿಟ್ಟಿರಲಿಲ್ಲ. ಬರಬೇಡ ಎಂದು ಯಾರೂ ಅಂದಿರಲಿಲ್ಲ, ಬಾ ಎಂದೂ ಕರೆದಿರಲಿಲ್ಲ.

"ಸಾತವ್ವಕ್ಕ, ಒಳಗೆ ಬಾ," ಎಂದ ಕಲ್ಲುಕುಟಿಗ.

"ಬೇಡಪ್ಪ. ನನ್ನ ನೆರಳು ಕೂಸಿನ ಮೇಲೆ ಬೀಳಬಾರದು. ನನ್ನದನ್ನೇ ಉಳಿಸಿಕೊಳ್ಳಲಿಲ್ಲ ನಾನು. ನನ್ನಲ್ಲಿ ಏನಿದೆ ಅಂತ ಕರೆಯುತ್ತೀ?"

ಅವನು ಬಾಗಿಲಿನಿಂದ ಬದಿಗೆ ಸರಿದು ದಾರಿ ಬಿಟ್ಟ. ಆಗ, ಬೆಳಗಿನಿಂದ ಒಂದು ಮಾತೂ ಆಡದೆ ಮಲಗಿದ್ದ ತಾಯಿ ಕಣ್ಣು ತೆರೆದಳು. "ಅಕ್ಕಾ, ಆ ಕಡೆ ಬಹಳ ಥಂಡಿ. ನೀನು ಬಂದು ಕೂಡು," ಎಂದಳು.

ಸಾತವ್ವ ಹೊಸ್ತಿಲು ದಾಟಿದಳು.

ಕಲ್ಲುಕುಟಿಗ ಬಾಗಿಲು ಎಳೆದುಕೊಂಡು ಅದಕ್ಕೇ ಒರಗಿ ಕೂತ. ಆ ಬದಿಯೂ ಬರಿದಾಗಿರಬಾರದು ಎಂದುಕೊಂಡ. ಯಾರೂ ಹಾಡಲಿಲ್ಲ, ಯಾರೂ ಕೂಸನ್ನು ಎತ್ತಿಕೊಳ್ಳಲಿಲ್ಲ. ಒಬ್ಬಳು ಮನೆಗೆಲಸಕ್ಕೆ ಎದ್ದರೆ ಇನ್ನೊಬ್ಬಳು ಬಂದು ಆ ಜಾಗದಲ್ಲಿ ಕೂರುತ್ತಿದ್ದಳು. ಸಾತವ್ವ ಮಾತ್ರ ಏಳಲಿಲ್ಲ. ಮೊದಮೊದಲು ಅವಳ ಕಣ್ಣು ನೆಲದ ಮೇಲಿತ್ತು. ಬರಬರುತ್ತ ಅದು ಕೂಸಿನ ಮೇಲೆ ನಿಂತಿತು. ಕಲ್ಲಿಗೆ ತಾಗಿದ ಬೆನ್ನು ಮರಗಟ್ಟಿತು. ನಾನು ಕೂರುತ್ತೇನೆ ಏಳು ಎಂದು ಯಾರೋ ಅಂದರೆ, "ಇರಲಿ" ಎಂದಳು.

ಮರುದಿನ ಬಿಸಿಲು ಮೂಡಿದ ಮೇಲೆ ಸೂಲಗಿತ್ತಿ ಅರಳೆ ಬಿಡಿಸಿ ಕೂಸಿನ ಪಾದ ಮುಟ್ಟಿದಳು. ಸಾತವ್ವನ ಕೈ ಹಿಡಿದು ಆ ಪಾದದ ಮೇಲೆ ಇಟ್ಟಳು. ಪಾದ ಬೆಚ್ಚಗಿತ್ತು. ಸಾತವ್ವ ಆಗ ಅತ್ತಳು. ತನ್ನ ಕೂಸನ್ನು ಮಣ್ಣಿಗೆ ಕೊಟ್ಟ ದಿನ ಬಾರದ ಅಳು ಅದು. ಯಾರೂ ಅವಳಿಗೆ ಸಮಾಧಾನ ಹೇಳಲು ಹೋಗಲಿಲ್ಲ. ಅವಳ ಅಳುವಿಗೆ ಬೆಚ್ಚಿಬಿದ್ದು ಕೂಸೂ ಅತ್ತಿತು. ಹುಟ್ಟಿದ ಮೇಲೆ ಅದು ಹೊರಗಿನವರಿಗೆ ಕೇಳುವಂತೆ ಅತ್ತದ್ದು ಅದೇ ಮೊದಲು. ಬಾಗಿಲಿಗೆ ಒರಗಿದ್ದ ಕಲ್ಲುಕುಟಿಗ ಮೊಣಕಾಲಲ್ಲಿ ಮುಖ ಹುದುಗಿಸಿಕೊಂಡ.

ಚಳಿ ಇಳಿಯುವ ತನಕ ಅವರೆಲ್ಲ ಬಂದು ಕೂತರು. ಕೂಸು ಉಳಿಯಿತು. ಬಿಸಿಲೇರಿದ ಕಾಲಕ್ಕೆ ಕಲ್ಲುಕುಟಿಗ ಆ ಕೋಣೆಯ ಗೋಡೆಗಳಿಗೆ ಒಳಗಿನಿಂದ ಹುಲ್ಲು ಬೆರೆಸಿದ ಮಣ್ಣನ್ನು ದಪ್ಪನಾಗಿ ಮೆತ್ತಿದ. ತಾನು ಅಷ್ಟು ನುಣ್ಣಗೆ ಕಡಿದ ಕಲ್ಲು ಮುಚ್ಚಿಹೋಗುತ್ತದಲ್ಲ ಎಂದು ಅವನಿಗೆ ಒಂದು ಸಲವೂ ಅನಿಸಲಿಲ್ಲ.

ಅಜ್ಜನವರು ಕತೆ ನಿಲ್ಲಿಸಿದರು. ರೇವಯ್ಯ ತಲೆ ತಗ್ಗಿಸಿಯೇ ಕೇಳಿದ:

"ಕೂಸು ಉಳಿಯಿತು, ಒಳ್ಳೆಯದಾಯಿತು ಅಜ್ಜಾ. ಆದರೆ ನಾನು ಹೋಗದಿದ್ದರೆ ನನ್ನ ಗೆಳೆಯನಿಗೆ ಕೇಡೇನೂ ಆಗುವುದಿಲ್ಲವಲ್ಲ? ನಾನು ಕೂರಬೇಕಾಗಿದ್ದ ಜಾಗ ಸುಮ್ಮನೆ ಖಾಲಿ ಇರುತ್ತದೆ, ಅಷ್ಟೆ."

ಅಜ್ಜನವರು ಮೆಲ್ಲಗೆ ಹೇಳಿದರು: "ಗೋಡೆಯೂ ಸುಮ್ಮನೆಯೇ ಇತ್ತು, ಮಗೂ. ಕೂಸಿನ ಕಾವೆಲ್ಲ ಹೋಗುತ್ತಿದ್ದದ್ದು ಆ ಬರಿದು ಗೋಡೆಗೇ."

ರೇವಯ್ಯ ಎದ್ದು, ಹೆಗಲ ಮೇಲೆ ವಸ್ತ್ರ ಹಾಕಿಕೊಂಡು ಮಠದ ಬಾಗಿಲು ದಾಟಿದ.